ಸ್ವಲ್ಪ ಬರ್ತದೆ

ಕೋಡಿಬಾಗದಲ್ಲಿ ಬಲೆ ಅಂಗಡಿಯ ಮೇಲಿನ ಕೋಣೆ.
ಮಂಗಳವಾರ, ಶುಕ್ರವಾರ, ಸಂಜೆ ಆರಕ್ಕೆ.
ಎಂಟು ಪ್ಲಾಸ್ಟಿಕ್ ಕುರ್ಚಿ,
ಕಾಲು ಮುರಿದ ಒಂದು ಕಬ್ಬಿಣದ ಬೆಂಚು.
ಹೊಸ ನೈಲಾನಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ
ಕಲಿಯುವವರಿಗಿಂತ ಮೊದಲೇ.

ನಾನು ಕೇಳುತ್ತೇನೆ: ವೆಲ್ಡಿಂಗ್ ಬರ್ತದಾ?
ಮಾಜಾಳಿಯ ರೋಹಿದಾಸ ಬಾನಾವಳಿ,
ಹತ್ತೊಂಬತ್ತು ವರ್ಷ ಟ್ರಾಲರುಗಳ ಹೊಟ್ಟೆಯಡಿ
ಅಂಗಾತ ಮಲಗಿ ಕಿಡಿ ಉಂಡವ,
ನೆಲ ನೋಡಿಕೊಂಡು ಹೇಳುತ್ತಾನೆ:
‘ಸ್ವಲ್ಪ ಬರ್ತದೆ, ಅಕ್ಕೋರೆ.’

ಸ್ವಲ್ಪ.
ನಾರ್ವೆಯವರ ಅರ್ಜಿಯಲ್ಲಿ ಆ ಮಾತಿಗೆ ಖಾನೆಯಿಲ್ಲ.

ಮಸ್ಕತ್ತಿನಲ್ಲಿ ನನ್ನನ್ನೂ ಹೀಗೇ ಕೇಳಿದ್ದರು.
ಕುಮಟೆಯಲ್ಲಿ ಆರು ವರ್ಷ ರಾತ್ರಿಪಾಳಿ,
ಕರೆಂಟು ಹೋದರೂ ಬೆರಳಲ್ಲೇ ನರ ಹುಡುಕಿ
ಸೂಜಿ ಕೊಡುತ್ತಿದ್ದವಳು
‘ಏನೋ, ತಕ್ಕಮಟ್ಟಿಗೆ’ ಅಂದೆ.
ಅವರು ಹಾಗೇ ಬರೆದುಕೊಂಡರು.
ಮೂರು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹಾಸಿಗೆಯ ಬಟ್ಟೆ ಮಡಚಿದೆ.
ಮೇಲೆ ಯಾರಿಗೋ ನರ ಸಿಗದೆ
ಚುಚ್ಚಿ ಚುಚ್ಚಿ ಕಲೆಯಾದ ಬಟ್ಟೆ
ಕೆಳಗೆ ನನ್ನ ಕೈಗೇ ಬರುತ್ತಿತ್ತು.

ಅದಕ್ಕೇ ಈ ಕೋಣೆ.
ಹಾರವಾಡದ ಮಂಗಲಾ, ನರ್ಸು, ಜರ್ಮನಿಗೆ ಹೋಗುವವಳು,
ತುಟಿ ಚಾಚಿ ಈ–ಊಗಳ ನಡುವಿನ ಸ್ವರ ಹುಡುಕುತ್ತಾಳೆ.
ಶಿರವಾಡದ ಅಂತೋನ್ ಗಟ್ಟಿಯಾಗಿ ಕೈ ಕುಲುಕುವುದನ್ನು
ಕಿಟಕಿಯ ಸರಳಿನ ಜೊತೆ ರೂಢಿ ಮಾಡುತ್ತಾನೆ.
‘ನಾವು ಮಾಡಿದ್ವಿ’ ಬೇಡ, ‘ನಾನು ಮಾಡಿದೆ’ ಅನ್ನಿ.
ಅಷ್ಟಕ್ಕೇ ರೋಹಿದಾಸ ಬೆವರುತ್ತಾನೆ.
‘ಅಕ್ಕೋರೆ, ದೋಣಿ ದಡ ಮುಟ್ಟೂದ್ರೊಳಗೆ
ಎಷ್ಟು ಮೀನು ಸಿಕ್ತು ಅಂತ ನಮ್ಮಲ್ಲಿ ಹೇಳೂದಿಲ್ಲ.
ಸಮುದ್ರ ಕೇಳ್ತದೆ.’

ಹದಿನೈದು ದಿನ ಇದೇ ಜಗಳ.
ಸಮುದ್ರಕ್ಕೂ ಅರ್ಜಿಗೂ ನಡುವೆ ನಾನು.

ಕೊನೆಗೊಂದು ಶುಕ್ರವಾರ
ಮಾತು ಬಿಟ್ಟು ಬೆಂಚು ತೋರಿಸಿದೆ.
ಯಂತ್ರ ಹೊತ್ತು ತಂದ. ಬಲೆಗೆ ಕಿಡಿ ತಾಗೀತೆಂದು
ಬೆಂಚನ್ನು ಅಂಗಳಕ್ಕೆ ಇಳಿಸಿ
ತಾನೇ ಮೂರು ಬಕೆಟ್ ಮರಳು ಇಟ್ಟುಕೊಂಡ.
ಮುಖಕ್ಕೆ ಕಪ್ಪುಗಾಜು ಬಂದದ್ದೇ
ಬಾಯಿ ಬಿಚ್ಚಿತು:
‘ಕೇಳಿ. ಬಂಗಡೆ ಎಣ್ಣೆಗೆ ಬಿದ್ದ ಸದ್ದು ಬರಬೇಕು,
ಚುರ್‍ರ್ ಅಂತ, ಒಂದೇ ಸಮ.
ಪಟಪಟ ಅಂದ್ರೆ ಕಡ್ಡಿಗೆ ತೇವ ಹಿಡಿದದೆ.
ಸದ್ದು ಸತ್ತರೆ ಒಳಗೆ ಟೊಳ್ಳು;
ಹೊರಗೆ ಎಷ್ಟು ಚೆಂದ ಕಂಡರೂ
ಮೊದಲ ತೂಫಾನಿಗೇ ಬಿರಿತದೆ.
ನಾನು ಕಣ್ಣು ಮುಚ್ಚಿಯೂ ಹೇಳ್ತೆ.’

ನಾನು, ಅಂದ.
ಯಾರೂ ತಿದ್ದಲಿಲ್ಲ, ಯಾರೂ ಕೆಮ್ಮಲಿಲ್ಲ.
ರಾತ್ರಿ ಅದನ್ನೇ ಅರ್ಜಿಗೆ ಇಳಿಸಿದೆ:
ಸದ್ದಿನಿಂದಲೇ ಬೆಸುಗೆಯ ದೋಷ ಗುರುತಿಸಬಲ್ಲರು.
ಓದಿ ಹೇಳಿದರೆ ಕೇಳಿದ:
‘ಯಾರು ಇವ? ಒಳ್ಳೇ ಕೆಲಸದವ ಕಾಣ್ತದೆ.’

ಸಂದರ್ಶನದ ದಿನ ಎರಡು ಸಲ ಕರೆಂಟು ಹೋಯಿತು.
ಪರದೆಯಲ್ಲಿ ಬಿಳಿಗಡ್ಡದವನೊಬ್ಬ,
ಅವನ ಬೆನ್ನಿಗೆ ಬೂದು ಬಣ್ಣದ ಕಡಲು.
ನೀರಿನಡಿ ಬೆಸೆಯುವುದು ಬರುತ್ತದೆಯೇ?
ನಾನು ಕಾಳಿ ಸೇತುವೆಯ ಕಡೆ ಮುಖ ಮಾಡಿ
ಮನಸ್ಸಿನಲ್ಲೇ ಬೇಡಿಕೊಂಡೆ:
ಸ್ವಲ್ಪ ಅನ್ನಬೇಡ ಮಾರಾಯ.
ಅವನು ನೆಟ್ಟಗೆ ಕೂತು
‘ಇಲ್ಲ. ಅದು ನನಗೆ ಬರೂದಿಲ್ಲ’ ಅಂದ.

ಬರುತ್ತದೆ ಎನ್ನಲು ಕಲಿತ ಬಾಯಿಗೆ
ಬರೂದಿಲ್ಲ ಎನ್ನುವುದೂ ಬಂದಿತ್ತು.
ಅದನ್ನು ನಾನು ಕಲಿಸಿರಲಿಲ್ಲ.

ಉತ್ತರ ಇನ್ನೂ ಬಂದಿಲ್ಲ.
ನಿನ್ನೆ ಅವನ ಹೆಂಡತಿ ಶೋಭಾವತಿ
ಫೀಸಿನ ಬಾಬ್ತು ಇಸ್ವಾಣದ ನಾಲ್ಕು ತುಂಡು ತಂದಿಟ್ಟು
ಬಾಗಿಲಲ್ಲೇ ನಿಂತಳು.
‘ನಮ್ಮ ಅತ್ತೆಗೆ ನರ ಸಿಗೂದಿಲ್ಲ ಅಂತಾರೆ, ಅಕ್ಕೋರೆ,
ಬೆಳಗಿಂದ ನಾಲ್ಕು ಕಡೆ ಚುಚ್ಚಿ ಬಿಟ್ಟರು.
ನಿಮಗೆ ಆ ಕೆಲಸ ಬರ್ತಿತ್ತಂತಲ್ಲ?’

‘ಸ್ವ’ ಅಂದವಳು
ಅಲ್ಲಿಗೇ ನಾಲಗೆ ಕಚ್ಚಿ
ಚಪ್ಪಲಿ ಮೆಟ್ಟಿದೆ.